ಪುಟ್ಟಿಯ ಎಡಗಾಲಿನ ಬ್ರೇಕು

ಐವತ್ತು ದಾಟಿದ ಮೇಲೂ ಪುಟ್ಟಿ ಅಂತ ಕರೆಸಿಕೊಳ್ಳುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಈ ಪುಟ್ಟಿಗೆ ಇತ್ತು. ಎರಡು ಸೀಟು, ಒಂದು ಎಂಜಿನ್ನು, ಮೂರು ಚಕ್ರ, ಬಿಸಿಲಿಗೆ ಬೆಳ್ಳಗಾದ ನೀಲಿ ಪಟ್ಟೆ, ಇಷ್ಟೇ ಅವಳು. ಊರಾಚೆಯ ಸಣ್ಣ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹಾರಲು ಕಲಿತವರೆಲ್ಲ ಮೊದಲು ಕೂತದ್ದು ಇವಳೊಳಗೆ. ಮೊದಲು ಬೆವರಿದ್ದೂ ಇವಳೊಳಗೆ, ಕೆಲವರು ಮೊದಲು ವಾಂತಿ ಮಾಡಿಕೊಂಡದ್ದೂ ಇವಳೊಳಗೇ. ಅಂಥವಳನ್ನು ಕಂಬಕ್ಕೆ ಏರಿಸುತ್ತೇನೆ ಅಂತ ಕ್ಲಬ್ಬಿನ ಸೆಕ್ರೆಟರಿ ಟೊಂಕ ಕಟ್ಟಿ ನಿಂತಿದ್ದರು.

ಏರಿಸುವುದು ಅಂದರೆ ನಿಜಕ್ಕೂ ಏರಿಸುವುದೇ. ಗೇಟಿನ ಹೊರಗೆ ನಾಲ್ಕು ರಸ್ತೆ ಸೇರುವ ವೃತ್ತದಲ್ಲಿ ಸಿಮೆಂಟಿನ ಕಂಬ ಆಗಲೇ ಎದ್ದಿತ್ತು. ಪುಟ್ಟಿಯ ಎಂಜಿನ್ನು ಬಿಚ್ಚಿ, ಹೊಟ್ಟೆಗೊಂದು ಕಬ್ಬಿಣದ ಕೊಳವೆ ಚುಚ್ಚಿ, ಮೂಗಿನ ಮೇಲೆ ನಗುಮುಖ ಬರೆದು ಕಂಬದ ತುದಿಗೆ ಕೂರಿಸುವುದು. ಮಕ್ಕಳಿಗೆ ಖುಷಿಯಾಗುತ್ತದಂತೆ. ನಗುಮುಖದ ಅಳತೆ ತೆಗೆಯಲು ಪೇಂಟರ್ ಕೂಡ ಬಂದುಹೋಗಿದ್ದ. ಅವನು ಟೇಪು ಹಿಡಿದು ಪುಟ್ಟಿಯ ಮೂಗು ಅಳೆಯುವುದನ್ನು ನೋಡಿ ಸೊಸೆಯ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಸೊಸೆ ಅಂದರೆ ಅಲ್ಲಿನ ರಿಪೇರಿ ಶೆಡ್ಡಿನ ಮೆಕ್ಯಾನಿಕ್ಕು. ಶೆಡ್ಡು ನಡೆಸುತ್ತಿದ್ದವರು ಅವಳ ಅತ್ತೆ. ಸೆಕ್ರೆಟರಿಯಿಂದ ಹಿಡಿದು ಪೆಟ್ರೋಲು ತುಂಬಿಸುವವನ ತನಕ ಎಲ್ಲರೂ ಅವರನ್ನು ಅತ್ತೆ ಅಂತಲೇ ಕರೆಯುತ್ತಿದ್ದರು, ಆದ್ದರಿಂದ ಇವಳು ಎಲ್ಲರಿಗೂ ಸೊಸೆಯಾದಳು. ಇವರಿಬ್ಬರ ನಡುವೆ ಇರಬೇಕಾದ ಮನುಷ್ಯ, ಅಂದರೆ ಒಬ್ಬರ ಮಗ, ಇನ್ನೊಬ್ಬಳ ಗಂಡ, ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಸ್ಪ್ಯಾನರ್ ಕಂಡರೆ ಮಾರು ದೂರ. ಮನೆಯಲ್ಲಿ ಅತ್ತೆ ಸೊಸೆಯ ಮಾತು ಸ್ವಲ್ಪ ಬಿಸಿಯಾಯಿತು ಅನ್ನುವಷ್ಟರಲ್ಲಿ "ನಂಗೆ ಪೇಪರ್ ತಿದ್ದೋದಿದೆ" ಅಂತ ಎದ್ದುಹೋಗುವ ಜಾಣ. ಪರೀಕ್ಷೆಯೇ ಇಲ್ಲದ ತಿಂಗಳಲ್ಲೂ ಅವನಿಗೆ ಪೇಪರ್ ತಿದ್ದುವುದಿರುತ್ತಿತ್ತು.

ಈ ವರ್ಷ ಅತ್ತೆಗೆ ಮಂಡಿ ಕೈಕೊಟ್ಟಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಅದೇ ಹೊತ್ತಿಗೆ ಸೊಸೆ ಪರೀಕ್ಷೆ ಪಾಸು ಮಾಡಿ ಲೈಸೆನ್ಸು ತಂದಳು. ಒಂದು ವಿಮಾನ ಹಾರಲು ಯೋಗ್ಯವಾಗಿದೆ ಅಂತ ಹೇಳುವ ಹಕ್ಕು ಈಗ ಅವಳದಾಗಿತ್ತು, ಹಾಗೆ ಹೇಳಬೇಕಾದ ಮೊದಲ ವಿಮಾನವೇ ಪುಟ್ಟಿ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಮೊದಲು ಬಿಚ್ಚಿ ಜೋಡಿಸಿದ್ದು ಇದೇ ಪುಟ್ಟಿಯ ಎಂಜಿನ್ನು. ತನ್ನ ಕೈಯಲ್ಲಿ ಪುಟ್ಟಿ ಹಾರಬೇಕು, ಕಂಬ ಏರಬಾರದು. ಸೊಸೆಗೆ ಬೇಕಾಗಿದ್ದದ್ದು ಇಷ್ಟೇ, ಆದರೆ ಅಷ್ಟೂ ಬೇಕಾಗಿತ್ತು.

ಅಡ್ಡ ಬಂದದ್ದು ಬ್ರೇಕು. ಎಡಚಕ್ರಕ್ಕೆ ಹೋಗುವ ಎಣ್ಣೆಯ ರಬ್ಬರ್ ಪೈಪು ಹಳೆಯದಾಗಿ ಸೋರತೊಡಗಿತ್ತು. ಅದನ್ನು ಬದಲಾಯಿಸಿದಳು. ಇರಲಿ ಅಂತ ಬ್ರೇಕಿನ ಒಳಗಿನ ರಬ್ಬರ್ ರಿಂಗನ್ನೂ, ಡಿಸ್ಕನ್ನು ಅದುಮುವ ಪ್ಯಾಡನ್ನೂ ಹೊಸದು ಹಾಕಿದಳು. ಪೈಪು ಬಿಚ್ಚಿದ ಮೇಲೆ ಒಳಗೆ ಗಾಳಿ ಸೇರಿಕೊಳ್ಳುತ್ತದೆ, ಅದನ್ನು ತೆಗೆಯಲೇಬೇಕು. ಎಣ್ಣೆಯನ್ನು ಎಷ್ಟು ಅದುಮಿದರೂ ಅದು ಕುಗ್ಗುವುದಿಲ್ಲ, ಕಾಲಿನ ಬಲವನ್ನು ಹಾಗೇ ಚಕ್ರಕ್ಕೆ ಮುಟ್ಟಿಸುತ್ತದೆ. ಗಾಳಿ ಹಾಗಲ್ಲ. ಒತ್ತಿದ್ದನ್ನೆಲ್ಲ ತಾನೇ ನುಂಗಿಕೊಂಡು ಸುಮ್ಮನೆ ಕೂರುತ್ತದೆ. ಗಾಳಿಯನ್ನೇ ನಂಬಿ ಬದುಕುವ ವಿಮಾನಕ್ಕೆ ಈ ಒಂದು ಜಾಗದಲ್ಲಿ ಮಾತ್ರ ಗಾಳಿ ಆಗಿಬರುವುದಿಲ್ಲ.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ಲಿನ ಮೇಲ್ತುದಿಯನ್ನು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಪಕ್ಕ ಮಲಗಿ ಬ್ರೇಕಿನ ಪುಟ್ಟ ಸ್ಕ್ರೂ ಸಡಿಲಿಸಬೇಕು. ಆಗ ಕೆಂಪು ಎಣ್ಣೆ ಗುಳ್ಳೆಗಳ ಸಮೇತ ಸಣ್ಣ ಪೈಪಿನಲ್ಲಿ ಹರಿದು ಬಾಟಲಿಗೆ ಬೀಳುತ್ತದೆ. ಸ್ಕ್ರೂ ಬಿಗಿ ಮಾಡಿದ ಮೇಲೆ, ನೆನಪಿರಲಿ, ಬಿಗಿ ಮಾಡಿದ ಮೇಲೆ ಮಾತ್ರ, ಮೇಲಿದ್ದವರು ಕಾಲು ಎತ್ತಬೇಕು. ಗುಳ್ಳೆ ನಿಲ್ಲುವ ತನಕ ಇದೇ ಕೆಲಸ. ಕೆಳಗಿನಿಂದ ಎಣ್ಣೆ ತಳ್ಳುವ ಕೈಪಂಪು ಇದ್ದಿದ್ದರೆ ಒಬ್ಬರೇ ಮಾಡಬಹುದಿತ್ತು. ಶೆಡ್ಡಿನಲ್ಲಿ ಇದ್ದ ಪಂಪು ಎಣ್ಣೆಗಿಂತ ಗಾಳಿಯನ್ನೇ ಹೆಚ್ಚು ತಳ್ಳುತ್ತಿತ್ತು, ಹೊಸದು ತರಿಸಿ ಅಂದರೆ ಸೆಕ್ರೆಟರಿ ಕಂಬದ ಮಾತೆತ್ತುತ್ತಿದ್ದರು.

ಹೀಗಾಗಿ ಅತ್ತೆ ಸೀಟಿನಲ್ಲಿ, ಸೊಸೆ ನೆಲದಲ್ಲಿ. ವಾರಗಟ್ಟಲೆ ಇಬ್ಬರೂ ಒತ್ತಿದ್ದೇ ಒತ್ತಿದ್ದು, ಸಡಿಲಿಸಿದ್ದೇ ಸಡಿಲಿಸಿದ್ದು. ಬಾಟಲಿಗಳು ತುಂಬಿದವು, ಗುಳ್ಳೆ ಮಾತ್ರ ನಿಲ್ಲಲಿಲ್ಲ. ಮೊದಲ ಸಲ ಓಡಿಸಿ ನೋಡಿದ ದಿನ ಬಲಚಕ್ರ ಹಿಡಿಯಿತು, ಎಡಚಕ್ರ ಹಿಡಿಯಲಿಲ್ಲ. ಪುಟ್ಟಿ ಬಲಕ್ಕೆ ಎಳೆದುಕೊಂಡು ಹೋಗಿ, ರನ್‌ವೇ ಬಿಟ್ಟು, ಹುಲ್ಲಿನಲ್ಲಿ ಇಳಿದು ನಿಂತಳು. ಎಲ್ಲರೂ ನೋಡಿದರು. ಸೆಕ್ರೆಟರಿಯಂತೂ ಕಣ್ತುಂಬ ನೋಡಿದರು.

ಅವತ್ತಿನಿಂದ ಶೆಡ್ಡಿನಲ್ಲಿ ಮಾತು ಕಮ್ಮಿಯಾಯಿತು. ರಿಂಗು ತಿರುಚಿಕೊಂಡು ಕೂತಿರಬೇಕು ಅನ್ನುವುದು ಅತ್ತೆಯ ಅನುಮಾನ. ಅದನ್ನು ಅವರು ಬಾಯಿಬಿಟ್ಟು ಹೇಳದೆ, "ನಮ್ಮ ಕಾಲದಲ್ಲಿ ರಿಂಗ್ ಹಾಕೋ ಮುಂಚೆ ಎಣ್ಣೆಲಿ ಅದ್ದಿ, ಬೆರಳಲ್ಲಿ ಸವರಿ ನೋಡೋರು" ಅಂತ ಗೋಡೆಗೆ ಹೇಳುತ್ತಿದ್ದರು. ಸೊಸೆ ಅದ್ದಿಯೇ ಹಾಕಿದ್ದಳು, ಸವರಿಯೇ ನೋಡಿದ್ದಳು. ಆದರೂ ಹಲ್ಲು ಕಚ್ಚಿಕೊಂಡು ಮತ್ತೆ ಬಿಚ್ಚಿದಳು, ಮತ್ತೆ ಹಾಕಿದಳು. ಅವಳ ಅನುಮಾನವೇ ಬೇರೆ. ಅತ್ತೆಯ ಕಾಲಿನಲ್ಲಿ ಕಸುವಿಲ್ಲ, ಒತ್ತಿ ಹಿಡಿಯಲು ಅವರಿಂದ ಆಗುತ್ತಿಲ್ಲ ಅಂತ. ಹೇಳುವುದು ಹೇಗೆ? ಅರ್ಧ ಆಯಸ್ಸನ್ನು ವಿಮಾನದ ಕೆಳಗೇ ಕಳೆದ ಹೆಂಗಸಿಗೆ ನಿಮ್ಮ ಕಾಲು ಸಾಲದು ಅಂತ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಇಬ್ಬರೂ ಮುಖ ಊದಿಸಿಕೊಂಡು ಒಬ್ಬರಿಗೊಬ್ಬರು ಚಹಾ ಬಗ್ಗಿಸಿ ಕೊಡುತ್ತಿದ್ದರು. ಮೇಷ್ಟ್ರು ಮನೆಯಲ್ಲಿ ಪೇಪರ್ ತಿದ್ದುತ್ತಿದ್ದ.

ಕೊನೆಗೆ, ಮೆಕ್ಯಾನಿಕ್ಕು ಸರಿಯಿದೆ ಅಂದ ವಿಮಾನವನ್ನು ಹಾರಿಸಿ ನೋಡಿ ಪಾಸು ಮಾಡುವ ಇನ್ಸ್‌ಪೆಕ್ಟರ್ ಬರುವ ದಿನ ಬಂದೇಬಿಟ್ಟಿತು. ಮಧ್ಯಾಹ್ನದೊಳಗೆ ಬ್ರೇಕು ಹಿಡಿದರೆ ಪುಟ್ಟಿ ಹಾರುತ್ತಾಳೆ. ಹಿಡಿಯದಿದ್ದರೆ ಏರುತ್ತಾಳೆ.

ಬೆಳಗ್ಗೆ ಕೆಲಸಕ್ಕೆ ಕೂತರೆ, ಸ್ಕ್ರೂವಿಗೆ ಸಿಕ್ಕಿಸುವ ಹಳೇ ಪೈಪು ಬಾಯಿ ಸೀಳಿಕೊಂಡಿತ್ತು. ಕಂದು ಬಣ್ಣಕ್ಕೆ ತಿರುಗಿ, ಒಳಗೇನು ನಡೆಯುತ್ತಿದೆ ಅನ್ನುವುದೇ ಕಾಣದಷ್ಟು ಕೊಳೆಯಾಗಿದ್ದ ಪೈಪು ಅದು. ಸೊಸೆ ಮನೆಗೆ ಓಡಿದಳು. ಮೇಷ್ಟ್ರು ತನ್ನ ಮೀನಿನ ತೊಟ್ಟಿಗೆ ಅಂತ ಹೊಸ ಪೈಪು ತಂದಿಟ್ಟುಕೊಂಡಿದ್ದ, ನೀರಿನಂತೆ ತಿಳಿಯಾದದ್ದು.

"ಅಯ್ಯೋ, ಅದು ಮೀನಿಂದು!" ಅಂದ.

"ಮೀನು ಕಾಯುತ್ತೆ," ಅಂದಳು ಸೊಸೆ, ಕತ್ತರಿಸಿಕೊಂಡು ಬಂದೇಬಿಟ್ಟಳು.

ಶೆಡ್ಡಿಗೆ ವಾಪಸು ಬಂದರೆ ಬಾಗಿಲಲ್ಲಿ ಸೆಕ್ರೆಟರಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಫೋನು.

"ಸೊಸೆಮ್ಮಾ, ಬೇಜಾರು ಮಾಡ್ಕೋಬೇಡ. ಕ್ರೇನಿನವನು ಗೇಟ್ ಹತ್ರ ಬಂದಿದ್ದಾನೆ. ಈ ಕಡೆಯಿಂದ ತರಲಾ, ಆ ಕಡೆಯಿಂದ ತರಲಾ ಅಂತ ಕೇಳ್ತಿದ್ದಾನೆ."

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿಯ ಒಳಗಿನಿಂದ ಅತ್ತೆಯ ದನಿ ಬಂತು. "ಬಂದ ಕಡೆಯಿಂದಲೇ ವಾಪಸ್ ಹೋಗ್ಬೋದು ಅಂತ ಹೇಳಿ!"

"ಅದಲ್ಲ ಅತ್ತೆ, ಇನ್ಸ್‌ಪೆಕ್ಷನ್ ಆದ್ಮೇಲೆ..."

"ಆದ್ಮೇಲೆ ನೋಡೋಣ. ಈಗ ಬಾಗಿಲು ಬಿಟ್ಟು ನಿಲ್ಲಿ, ಬೆಳಕಿಗೆ ಅಡ್ಡ ಆಗ್ತೀರಿ. ನೀವೇನು ಗಾಜಲ್ಲ."

ಸೆಕ್ರೆಟರಿ ಪಕ್ಕಕ್ಕೆ ಸರಿದರು. ಅತ್ತೆ ಪುಟ್ಟಿಯ ಎಡ ಸೀಟಿನಲ್ಲಿ ಬೆನ್ನಿಗೆರಡು ದಿಂಬು ಕೊಟ್ಟುಕೊಂಡು ನೆಟ್ಟಗೆ ಕೂತಿದ್ದರು. ಸೊಸೆ ಒಂದು ಕ್ಷಣ ಅವರನ್ನೇ ನೋಡಿದಳು. ಸಿಟ್ಟು ಎಷ್ಟಿದ್ದರೂ, ಈ ಹೆಂಗಸು ತನ್ನ ಕಡೆ ನಿಂತಾಗ ಬೆನ್ನಿಗೊಂದು ಗೋಡೆ ಸಿಕ್ಕಿದಂತಾಗುತ್ತಿತ್ತು. ಅದನ್ನೂ ಅವಳು ಹೇಳಲಿಲ್ಲ. ಚಕ್ರದ ಪಕ್ಕ ಗೋಣಿತಟ್ಟು ಹಾಸಿ ಮಲಗಿದಳು, ಮೀನಿನ ಪೈಪು ಸ್ಕ್ರೂವಿಗೆ ಸಿಕ್ಕಿಸಿದಳು, ಇನ್ನೊಂದು ತುದಿ ಬಾಟಲಿಯ ಎಣ್ಣೆಯಲ್ಲಿ ಮುಳುಗಿಸಿದಳು.

"ಒತ್ತಿ ಅತ್ತೆ."

"ಒತ್ತಿದೆ."

"ಹಿಡ್ಕೊಂಡಿದ್ದೀರಾ?"

"ಹಿಡ್ಕೊಂಡಿದ್ದೀನಿ ಕಣಮ್ಮಾ. ಹಿಡಿದೂ ಹಿಡಿದೂ ತೊಡೆ ಜುಂ ಅಂತಿದೆ."

ಸೊಸೆ ಸ್ಪ್ಯಾನರ್ ತಿರುಗಿಸಿದಳು. "ಬಿಟ್ಟೆ!"

ಎಣ್ಣೆ ಒಂದು ಗೇಣು ಮುಂದೆ ಬಂತು. ನಿಂತಿತು. ಆಮೇಲೆ, ಸೊಸೆಯ ಕಣ್ಣೆದುರೇ, ಹಿಂದಕ್ಕೆ ಹೋಯಿತು.

ಅವಳು ಕಣ್ಣುಜ್ಜಿಕೊಂಡಳು. ಹೊರಗೆ ಬರಬೇಕಾದ ಎಣ್ಣೆ ಒಳಗೆ ಹೋಗುವುದೆಂದರೇನು? ಸ್ಕ್ರೂ ಬಿಗಿ ಮಾಡಿ ಮತ್ತೊಮ್ಮೆ ನೋಡಿದಳು. ಒತ್ತಿ, ಹಿಡೀರಿ, ಬಿಟ್ಟೆ. ಕೆಂಪು ಎಣ್ಣೆ ಬಂದಷ್ಟೇ ಚೆನ್ನಾಗಿ ವಾಪಸು ಹೊರಟಿತು. ಹೋಗುವಾಗ ಸಡಿಲಾದ ಸ್ಕ್ರೂವಿನ ಸಂದಿಯಿಂದ ಸಾಸಿವೆಕಾಳಿನಂಥ ಗುಳ್ಳೆಗಳನ್ನು ಎಳೆದುಕೊಂಡೇ ಹೋಯಿತು. ಅಂದರೆ ಇಷ್ಟು ದಿನ ಇವರು ಬ್ರೇಕಿನಿಂದ ಗಾಳಿ ತೆಗೆಯುತ್ತಿರಲಿಲ್ಲ, ಹೊರಗಿನ ಗಾಳಿಯನ್ನು ಒಳಗೆ ಕುಡಿಸುತ್ತಿದ್ದರು!

ಮೂರನೇ ಸಲ ಅವಳ ಗಮನವೆಲ್ಲ ಪೈಪಿನ ಮೇಲೇ ಇತ್ತು. ಅತ್ತೆ "ಹಿಡ್ಕೊಂಡಿದ್ದೀನಿ" ಅಂದರು. ಸೊಸೆ ಏನೂ ಹೇಳದೆ ಸುಮ್ಮನೆ ಸ್ಕ್ರೂ ಸಡಿಲಿಸಿದಳು. ಎಣ್ಣೆ ಮುಂದೆ ಬಂತು, ಇನ್ನೂ ಬಂತು, ಗುಳ್ಳೆಗಳನ್ನು ದಬ್ಬಿಕೊಂಡು ಪೈಪಿನುದ್ದಕ್ಕೂ ಓಡಿ ಬಾಟಲಿಗೆ ಇಳಿಯಿತು. ಒಂದು ತೊಟ್ಟೂ ಹಿಂದೆ ಹೋಗಲಿಲ್ಲ.

ಬಾಯಿ ಬಿಟ್ಟರೆ ಕೆಡುತ್ತದೆ, ಬಾಯಿ ಮುಚ್ಚಿದರೆ ಸರಿಹೋಗುತ್ತದೆ. ಇದ್ಯಾವ ಮಾಯೆ? ಸೊಸೆ ಸ್ಕ್ರೂ ಬಿಗಿ ಮಾಡಿ ಎದ್ದು ಕೂತಳು. ರೆಕ್ಕೆಯ ಕೆಳಗಿನಿಂದ ಕತ್ತು ಹೊರಗೆ ಚಾಚಿದಳು.

"ಅತ್ತೆ."

"ಏನು?"

"ನಾನು ಬಿಟ್ಟೆ ಅಂದಾಗ ನೀವೇನು ಮಾಡ್ತೀರಿ?"

"ಇದೂ ಒಂದು ಕೇಳೋ ಮಾತಾ? ಬಿಡ್ತೀನಿ."

"ಏನನ್ನ ಬಿಡ್ತೀರಿ?"

"ಕಾಲನ್ನ! ಇನ್ನೇನು, ಪ್ರಾಣಾನಾ?"

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಯ್ಯೋ ಅತ್ತೆ! ನಾನು ಎಣ್ಣೆ ಬಿಟ್ಟೆ ಅಂತ ಹೇಳ್ತಿದ್ದೆ! ಸ್ಕ್ರೂ ತೆಗ್ದೆ, ಎಣ್ಣೆ ಬಿಟ್ಟೆ, ನೀವು ಇನ್ನೂ ಗಟ್ಟಿಯಾಗಿ ಒತ್ತಿ ಅಂತ! ನಮ್ಮಪ್ಪನ ಬಸ್ ಗ್ಯಾರೇಜಿನಲ್ಲಿ ಎಲ್ಲರೂ ಹಾಗೇ ಅನ್ನೋದು. ಬಿಟ್ಟೆ ಅಂದ್ರೆ ಎಣ್ಣೆ ಬಿಟ್ಟೆ!"

"ಯಾವ ಊರಿನ ಮಾತಮ್ಮಾ ಅದು? ಬಿಟ್ಟೆ ಅಂದ್ರೆ ಸ್ಪ್ಯಾನರ್ ಬಿಟ್ಟೆ! ಸ್ಕ್ರೂ ಬಿಗಿ ಮಾಡಿ, ಸ್ಪ್ಯಾನರಿಂದ ಕೈ ತೆಗೆದು, ಆಮೇಲೆ ಬಿಟ್ಟೆ ಅನ್ನೋದು. ನಿನ್ನ ಮಾವ ಜೀವಮಾನ ಪೂರ್ತಿ ಹಾಗೇ ಅಂದದ್ದು. ಅವರು ಬಿಟ್ಟೆ ಅಂದ್ರೆ ನಾನು ಕಾಲು ಎತ್ತೋದು."

ತಪ್ಪು ಯಾರದೂ ಅಲ್ಲ, ಇಬ್ಬರ ಮಾತೂ ಸರಿಯಾದ ಕನ್ನಡವೇ. ಮಾವ ಇದ್ದಾಗ ಅವರು ಚಕ್ರದ ಹತ್ತಿರ, ಅತ್ತೆ ಪೆಡಲ್ಲಿನ ಮೇಲೆ. ಮಾವ ಹೋದ ಮೇಲೆ ಪುಟ್ಟಿಯ ಬ್ರೇಕಿನ ಎಣ್ಣೆ ಪೈಪು ಬಿಚ್ಚುವ ಪ್ರಸಂಗವೇ ಬಂದಿರಲಿಲ್ಲ. ಪ್ಯಾಡು ಬದಲಾಯಿಸಿದರೆ ಸಾಕಾಗುತ್ತಿತ್ತು. ಸೊಸೆ ಎಂಜಿನ್ನಿನ ಕಡೆಯವಳು. ಹೀಗಾಗಿ ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಓಡಾಡಿದ ಇಬ್ಬರು ಹೆಂಗಸರಿಗೆ, ತಮ್ಮಿಬ್ಬರ "ಬಿಟ್ಟೆ" ಬೇರೆ ಬೇರೆ ಅನ್ನುವುದು ಗೊತ್ತಾಗಲು ಒಂದು ಮೀನಿನ ಪೈಪು ಬೇಕಾಯಿತು.

ಅತ್ತೆ ಪೆಡಲ್ಲಿನ ಮೇಲಿದ್ದ ತಮ್ಮ ಕಾಲನ್ನೇ ನೋಡಿದರು. ಆಮೇಲೆ ಮೆಲ್ಲಗೆ ಅಂದರು, "ನೀನು ಕೆಳಗಿಂದ ಬಿಟ್ಟೆ ಅಂದಾಗಲೆಲ್ಲ ನಂಗೆ ಅವರೇ ಕೆಳಗಿದ್ದಾರೆ ಅನ್ನಿಸ್ತಿತ್ತು ಕಣೇ. ಕಾಲು ತಾನಾಗೇ ಎದ್ದುಬಿಡ್ತಿತ್ತು."

ಸೊಸೆ ಸ್ಪ್ಯಾನರ್ ಕೆಳಗಿಟ್ಟಳು. ಅತ್ತೆಯ ಕಾಲಿಗೆ ಕಸುವಿಲ್ಲ ಅಂತ ಮನಸ್ಸಿನಲ್ಲೇ ಎಷ್ಟು ಸಲ ಬೈದಿದ್ದಳೋ. "ನಾನು ನಿಮ್ಮ ಕಾಲಿಗೆ ಶಕ್ತಿ ಸಾಲ್ತಿಲ್ಲ ಅಂದ್ಕೊಂಡಿದ್ದೆ ಅತ್ತೆ," ಅಂದೇಬಿಟ್ಟಳು.

"ನಾನು ನಿನ್ನ ರಿಂಗ್ ಸರಿಯಿಲ್ಲ ಅಂದ್ಕೊಂಡಿದ್ದೆ."

"ಗೊತ್ತು. ಗೋಡೆಗೆ ಹೇಳ್ತಿದ್ರಲ್ಲ."

ಅತ್ತೆ ಮೊದಲು ನಕ್ಕರು. ದಿಂಬಿನ ಮೇಲೆ ಕುಲುಕಿ ಕುಲುಕಿ ನಕ್ಕರು, ಪುಟ್ಟಿಯೂ ಅವರ ಜೊತೆ ಅಲ್ಲಾಡಿದಳು. ಸೊಸೆ ಚಕ್ರ ತಬ್ಬಿಕೊಂಡು ನಕ್ಕಳು. ಬಾಗಿಲಲ್ಲಿದ್ದ ಸೆಕ್ರೆಟರಿಗೆ, ಸೋಲು ಖಚಿತವಾಗಿ ಇಬ್ಬರಿಗೂ ತಲೆ ಕೆಟ್ಟಿತೇನೋ ಅನ್ನಿಸಿತು.

"ಈಗ ಹೊಸ ಮಾತು ಬೇಕು," ಅಂದರು ಅತ್ತೆ, ಕಣ್ಣೊರೆಸಿಕೊಂಡು. "ಬಿಡೋ ಮಾತೇ ಬೇಡ."

"ಸ್ಕ್ರೂ ತೆಗೆದಾಗ ಎಣ್ಣೆ ಅಂತೀನಿ. ಬಿಗಿ ಮಾಡಿದ್ಮೇಲೆ ಕಾಲು ಅಂತೀನಿ. ಕಾಲು ಅನ್ನೋ ತನಕ, ಮನೆಗೆ ಬೆಂಕಿ ಬಿದ್ರೂ ಎತ್ತಬೇಡಿ."

"ಬೆಂಕಿ ಬಿದ್ರೆ ನೀನೇ ಆರಿಸು. ಶುರು ಮಾಡು."

ಶುರುವಾಯಿತು. "ಎಣ್ಣೆ!" "ಹೂಂ!" "ಕಾಲು!" "ಎತ್ತಿದೆ!" ಶೆಡ್ಡಿನ ತಗಡಿನ ಮಾಡು ಗುಂಯ್ಗುಟ್ಟಿತು. ತಿಳಿ ಪೈಪಿನಲ್ಲಿ ಮೊದಲು ದೊಡ್ಡ ಗುಳ್ಳೆಗಳು ಬಂದವು, ಆಮೇಲೆ ಸಣ್ಣವು, ಆಮೇಲೆ ನೊರೆಯ ಹಾಗೆ ಒಂದಿಷ್ಟು. ಸೊಸೆ ನಡುನಡುವೆ ಎದ್ದು ಬ್ರೇಕಿಗೆ ಎಣ್ಣೆ ಇಳಿಸುವ ಮೇಲಿನ ಡಬ್ಬಿಯನ್ನು ತುಂಬಿಸಿದಳು, ಅದು ಖಾಲಿಯಾದರೆ ಮತ್ತೆ ಗಾಳಿ ನುಗ್ಗುತ್ತದೆ. ಕೊನೆಗೊಮ್ಮೆ ಪೈಪಿನ ತುಂಬ ಬರೀ ಕೆಂಪು. ಗುಳ್ಳೆ ಇಲ್ಲ. ಮತ್ತೊಮ್ಮೆ ನೋಡಿದಳು. ಇಲ್ಲವೇ ಇಲ್ಲ.

"ಅಮ್ಮಾ!" ಅತ್ತೆ ಕೂಗಿದರು. "ಇಲ್ಲಿ ಬಾ! ಬಾರೇ ಬೇಗ!"

ಸೊಸೆ ಓಡಿಹೋಗಿ ಬಾಗಿಲೊಳಗೆ ಬಗ್ಗಿ ಕೈಯಿಂದಲೇ ಪೆಡಲ್ಲು ಒತ್ತಿದಳು. ಇಷ್ಟು ದಿನ ನೆನೆದ ಬ್ರೆಡ್ಡಿನ ಹಾಗೆ ಒಳಗಿಳಿಯುತ್ತಿದ್ದ ಪೆಡಲ್ಲು ಒಂದು ಬೆರಳಿನಷ್ಟು ಇಳಿದು ಗಟ್ಟಿಯಾಗಿ ನಿಂತಿತು. ಮೈಭಾರ ಹಾಕಿದಳು. ಜಗ್ಗಲಿಲ್ಲ. ಅವಳು ಎಣ್ಣೆಗೈಯಲ್ಲೇ ಅತ್ತೆಯ ಕೆನ್ನೆ ಹಿಡಿದುಕೊಂಡಳು. ಅತ್ತೆಯ ಎರಡೂ ಕೆನ್ನೆ ಕೆಂಪಾದವು.

ಇನ್ಸ್‌ಪೆಕ್ಟರ್ ಮೇಡಂ ಬಂದದ್ದು ಆಗ. ಎತ್ತರದ ಹೆಂಗಸು, ಕತ್ತರಿಸಿದ ನರೆಗೂದಲು, ಮಾತು ಕಮ್ಮಿ. ಅವರ ಬಾಯಿಂದ "ಹೂಂ" ಬಿಟ್ಟು ಬೇರೇನನ್ನೂ ಕೇಳಿದವರು ಅಪರೂಪ, ನಗು ನೋಡಿದವರಂತೂ ಇಲ್ಲವೇ ಇಲ್ಲ ಅಂತ ಕ್ಲಬ್ಬಿನಲ್ಲಿ ಪ್ರತೀತಿ. ಪುಟ್ಟಿಯ ಸುತ್ತ ಒಂದು ಸುತ್ತು ಬಂದರು. ಚಕ್ರದ ಹತ್ತಿರ ಕೂತು ಪೈಪಿನ ಜೋಡಣೆಗಳನ್ನು ಬೆರಳಿನಿಂದ ಸವರಿ, ಬೆರಳು ಬೆಳಕಿಗೆ ಹಿಡಿದು ನೋಡಿದರು. ಎಲ್ಲೂ ಸೋರಿರಲಿಲ್ಲ. "ಹೂಂ."

ಸೆಕ್ರೆಟರಿ ಮುಂದೆ ಬಂದರು. "ಮೇಡಂ, ಹೋದ ವಾರ ಇದು ಹುಲ್ಲಿಗೆ ಇಳಿದಿತ್ತು. ಹಳೇ ವಿಮಾನ. ನಮಗೂ ಜವಾಬ್ದಾರಿ ಇದೆ ನೋಡಿ. ಕಂಬ ಬೇರೆ ರೆಡಿ ಇದೆ..."

"ಯಾರು ಬ್ರೇಕ್ ಮಾಡಿದ್ದು?" ಅಂದರು ಮೇಡಂ, ಅವರ ಕಡೆ ನೋಡದೆ.

ಶೆಡ್ಡಿನಲ್ಲಿ ಯಾರೇ ಏನೇ ಕೇಳಿದರೂ ಮೊದಲು ಉತ್ತರ ಕೊಡುವವರು ಅತ್ತೆ. ಸೊಸೆ ಅಭ್ಯಾಸಬಲದಿಂದ ಅವರ ಕಡೆ ತಿರುಗಿದಳು. ಅತ್ತೆ ಕುರ್ಚಿಯಲ್ಲಿ ಕೂತು ತಮ್ಮ ಮಂಡಿ ಸವರಿಕೊಳ್ಳುತ್ತಿದ್ದರು.

"ಇವಳು," ಅಂದರು. "ನಾನು ಬರೀ ಕಾಲು."

ಮೇಡಂ ಸೊಸೆಯನ್ನು ನೋಡಿದರು. "ಈ ವಿಮಾನ ಹಾರೋಕೆ ಸರಿಯಿದೆ ಅಂತ ಹೇಳ್ತೀರಾ?"

ಸೊಸೆ ಎಣ್ಣೆಗೈ ಒರೆಸಿಕೊಂಡಳು. ಹೌದು ಅಂದರೆ ಅದು ತನ್ನ ಮಾತು. ಬ್ರೇಕು ಕೈಕೊಟ್ಟರೆ ಆ ಕೈ ತನ್ನದೇ. ಪೆಡಲ್ಲು ನಿಂತ ಗಟ್ಟಿತನ ಇನ್ನೂ ಅವಳ ಅಂಗೈಯಲ್ಲಿತ್ತು.

"ಹೇಳ್ತೀನಿ," ಅಂದಳು.

"ಹಾಗಾದ್ರೆ ಪಕ್ಕದಲ್ಲಿ ಕೂತ್ಕೊಳ್ಳಿ. ಮಾಡಿದವರನ್ನ ಬಿಟ್ಟು ನಾನು ಹಾರಲ್ಲ."

ಮೊದಲು ನೆಲದ ಮೇಲೆ ಪರೀಕ್ಷೆ. ಚಕ್ರದಿಂದ ನೆಲದ ತನಕ ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆದರು. ಬ್ರೇಕು ಜಾರಿದರೆ ಗೆರೆ ಎರಡಾಗುತ್ತದೆ. ಮೇಡಂ ಎರಡೂ ಪೆಡಲ್ಲು ಒತ್ತಿ ಎಂಜಿನ್ನನ್ನು ಏರಿಸಿದರು. ಪುಟ್ಟಿ ಗುಡುಗಿದಳು. ಹಿಂದೆ ಹುಲ್ಲು ಮಲಗಿತು, ಶೆಡ್ಡಿನ ಧೂಳೆಲ್ಲ ಎದ್ದು ಸೆಕ್ರೆಟರಿಯ ಬಿಳಿ ಅಂಗಿಯ ಮೇಲೆ ಕೂತಿತು. ಪುಟ್ಟಿ ಮೂಗು ತಗ್ಗಿಸಿ, ಮೈಯೆಲ್ಲ ನಡುಗಿಸಿ, ಮುಂದೆ ಬಿಡಿ ಅಂತ ಹಟ ಹಿಡಿದಳು. ಚಕ್ರ ಕದಲಲಿಲ್ಲ. ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದ ಸೊಸೆಗೆ ಗೆರೆ ಒಂದೇ ಕಂಡಿತು. ಮೇಡಂ ಎಂಜಿನ್ನು ಇಳಿಸಿದರು. "ಹೂಂ." ಈ ಸಲದ ಹೂಂ ಸ್ವಲ್ಪ ಉದ್ದವಾಗಿತ್ತು.

ರನ್‌ವೇ ಓಡಿತು, ನೆಲ ಜಾರಿತು, ಪುಟ್ಟಿ ಗಾಳಿಗೆ ಏರಿದಳು. ಹಾರಿದಳು! ಸೊಸೆಗೆ ಕೂಗಬೇಕು ಅನ್ನಿಸಿತು, ಪಕ್ಕದಲ್ಲಿ ಮೇಡಂ ಇದ್ದಾರೆ ಅಂತ ತುಟಿ ಬಿಗಿಹಿಡಿದಳು. ಕೆಳಗೆ ವೃತ್ತದ ಕಂಬ ಕಡ್ಡಿಯಷ್ಟಾಗಿ ಕಂಡಿತು, ಕ್ರೇನು ಅದರ ಪಕ್ಕದಲ್ಲಿ ಆಟದ ಸಾಮಾನಿನ ಹಾಗೆ. ಮೇಲೆ ಎಲ್ಲವೂ ಸರಿಯೇ ಇತ್ತು. ಆದರೆ ಬ್ರೇಕಿಗೆ ಮೇಲೇನೂ ಕೆಲಸವಿಲ್ಲ, ಅದರ ಯೋಗ್ಯತೆ ತಿಳಿಯುವುದು ಇಳಿದಾಗ. ಇಳಿಯಲು ತಿರುಗಿದಾಗ ಸೊಸೆ ರನ್‌ವೇಯ ಅಂಚು ನೋಡಿದಳು. ಹೋದ ವಾರದ ಹುಲ್ಲು ಬಲಗಡೆ ಹಸಿರಾಗಿ ಕಾದಿತ್ತು.

ಚಕ್ರ ನೆಲ ಮುಟ್ಟಿತು. ಮೂಗಿನ ಚಕ್ರವೂ ಮುಟ್ಟಿತು. ಪುಟ್ಟಿ ಇನ್ನೂ ಭರದಿಂದ ಓಡುತ್ತಿದ್ದಳು.

"ನೀವು ಮಾಡಿದ ಬ್ರೇಕು," ಅಂದರು ಮೇಡಂ, ತಮ್ಮ ಕಾಲ್ಬೆರಳು ಪೆಡಲ್ಲಿನ ಮೇಲಿಂದ ಇಳಿಸಿ. "ನೀವೇ ಹಾಕಿ."

ಸೊಸೆಯ ಮುಂದೆಯೂ ಪೆಡಲ್ಲುಗಳಿದ್ದವು. ಎರಡೂ ಪಾದ ಮೇಲೆ ಸರಿಸಿ ಒತ್ತಿದಳು. ಎಡ, ಬಲ, ಎರಡೂ ಒಟ್ಟಿಗೆ ಹಿಡಿದವು. ಅವಳ ಮೈ ಬೆಲ್ಟಿಗೆ ಒರಗಿತು. ಪುಟ್ಟಿ ಬಲಕ್ಕೂ ಎಳೆಯಲಿಲ್ಲ, ಎಡಕ್ಕೂ ಎಳೆಯಲಿಲ್ಲ. ರನ್‌ವೇಯ ನಡುವಿನ ಬಿಳಿ ಗೆರೆಯನ್ನು ಮೂಗಿನ ಕೆಳಗೇ ಇಟ್ಟುಕೊಂಡು ನಿಧಾನವಾದಳು, ಇನ್ನೂ ನಿಧಾನವಾದಳು, ನಿಂತಳು. ಅರ್ಧ ರನ್‌ವೇ ಇನ್ನೂ ಮುಂದೆ ಖಾಲಿ ಬಿದ್ದಿತ್ತು.

ಸೊಸೆ ಕೂಗಿಯೇಬಿಟ್ಟಳು. ಏನು ಕೂಗಿದಳೋ ಅವಳಿಗೇ ನೆನಪಿಲ್ಲ.

"ಪಾಸು," ಅಂದರು ಮೇಡಂ. "ಶೆಡ್ ತನಕ ನೀವೇ ಓಡಿಸಿ."

ನೆಲದ ಮೇಲೆ ಓಡಿಸುವುದು ಮೆಕ್ಯಾನಿಕ್ಕಿಗೆ ದಿನದ ಕೆಲಸ. ಆದರೂ ಇವತ್ತು ಓಡಿಸಿದ ಹಾಗೆ ಅವಳು ಎಂದೂ ಓಡಿಸಿರಲಿಲ್ಲ. ಶೆಡ್ಡಿನ ಮುಂದೆ ಅತ್ತೆಯ ಕುರ್ಚಿ ಕಂಡಿತು, ಪಕ್ಕದಲ್ಲಿ ಧೂಳು ಹೊಡೆದ ಸೆಕ್ರೆಟರಿ ಫೋನಿನಲ್ಲಿ ಯಾರಿಗೋ ಕೈಯಾಡಿಸಿ ಬೇಡ ಬೇಡ ಅನ್ನುತ್ತಿದ್ದರು. ವಿಮಾನವನ್ನು ಮೂಗು ಹೊರಗೆ ಮಾಡಿ ನಿಲ್ಲಿಸುವುದು ಶೆಡ್ಡಿನ ಪದ್ಧತಿ. ಸೊಸೆ ಎಡ ಪೆಡಲ್ಲು ಮಾತ್ರ ಒತ್ತಿ, ಎಂಜಿನ್ನಿಗೆ ಚೂರು ಜೀವ ಕೊಟ್ಟಳು. ಅದೇ ಎಡಚಕ್ರ, ಅಷ್ಟು ದಿನ ಅಳಿಸಿದ ಎಡಚಕ್ರ, ನೆಲಕ್ಕೆ ಕಚ್ಚಿಕೊಂಡು ನಿಂತಿತು. ಅದರ ಮೇಲೆ ಪುಟ್ಟಿ ಗಿರ್ರನೆ ತಿರುಗಿದಳು. ಅರ್ಧ ಸುತ್ತು ಸಾಕಾಗಿತ್ತು. ಸೊಸೆಗೆ ಸಾಕಾಗಲಿಲ್ಲ, ಪೂರ್ತಿ ಸುತ್ತು ತಿರುಗಿಸಿದಳು.

"ಟೈರ್ ಸವೆಯುತ್ತೆ," ಅಂದರು ಮೇಡಂ.

"ಸವೆದ್ರೆ ಬದಲಾಯಿಸ್ತೀನಿ ಮೇಡಂ."

"ಹೂಂ," ಅಂದರು. ಸೊಸೆ ಓರೆಗಣ್ಣಿನಲ್ಲಿ ನೋಡಿದಳು. ಮೇಡಂ ನಗುತ್ತಿದ್ದರು.

ಹೊರಗೆ ಅತ್ತೆ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಮಂಡಿ ಮರೆತು, ಕೆಂಪು ಕೆನ್ನೆ ಒರೆಸಿಕೊಳ್ಳುವುದನ್ನೂ ಮರೆತು, ಒಂದು ಕೈ ತಲೆಯ ಮೇಲೆತ್ತಿ ಗರಗರ ತಿರುಗಿಸುತ್ತಿದ್ದರು. ಟೈರು ಸವೆಸಿದವರಿಗೆ ಜೀವಮಾನವಿಡೀ ಬೈದ ಹೆಂಗಸು ಅದು. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ, ಆದರೆ ಸೊಸೆಗೆ ಈ ಸಲ ಒಂದಕ್ಷರವೂ ತಪ್ಪದೆ ಅರ್ಥವಾಯಿತು.

"ಇನ್ನೊಂದು ಸುತ್ತು!" ಅಂತ ಅತ್ತೆ ಕೂಗುತ್ತಿದ್ದರು. "ಇನ್ನೊಂದು ಸುತ್ತು ಹೊಡಿಯೇ ಹುಡುಗಿ!"

ಸೊಸೆ ಎಡಗಾಲು ಒತ್ತಿ ಹಿಡಿದಳು.